ಚಿಗಟದ ಕಾಟ: ನಾಯಿಯ ಮೈ ತೊಳೆದರೆ ಸಾಕೇ?



"ಮೊನ್ನೆ ತಾನೇ ನಾಯಿಗೆ ಸ್ನಾನ ಮಾಡಿಸಿದೆ, ಆಗಲೇ ಮತ್ತೆ ಕೆರೆದುಕೊಳ್ತಾ ಇದೆ. ಮಕ್ಕಳ ಕಾಲಲ್ಲೂ ಗುಳ್ಳೆ ಎದ್ದಿದೆ." ನಾಯಿ, ಬೆಕ್ಕು ಸಾಕಿದ ಮನೆಗಳಲ್ಲಿ ಈ ಮಾತು ಆಗಾಗ ಕೇಳಿಬರುತ್ತದೆ. ಬೇಸತ್ತ ಕೆಲವರು ಹೊಲಕ್ಕೆ ಹೊಡೆಯುವ ಔಷಧಿಯನ್ನೇ ನಾಯಿಯ ಮೈಗೆ ಸುರಿಯುವುದುಂಟು. ಇದರಿಂದ ನಾಯಿ ಸಾಯಬಹುದು, ಅದರ ಜೊತೆ ಆಡುವ ಮಗುವಿನ ಜೀವಕ್ಕೂ ಅಪಾಯ. ಇಷ್ಟಾದರೂ ಚಿಗಟ ಮಾತ್ರ ಮತ್ತೆ ಬರುತ್ತದೆ. ಯಾಕೆ ಹೀಗೆ? ಈ ಪಾಠದಲ್ಲಿ ತಿಳಿಯೋಣ.

ಚಿಗಟವನ್ನು ಗುರುತಿಸುವುದು ಹೇಗೆ?

ಚಿಗಟ ಎಳ್ಳಿಗಿಂತ ಚಿಕ್ಕದು, ಕಂದು ಬಣ್ಣ, ರೆಕ್ಕೆ ಇಲ್ಲ. ಹಿಡಿಯಲು ಹೋದರೆ ಚಂಗನೆ ನೆಗೆಯುತ್ತದೆ. ಉಣ್ಣೆ (ಉಣುಗು) ಬೇರೆ. ಅದು ನೆಗೆಯುವುದಿಲ್ಲ, ಚರ್ಮಕ್ಕೆ ಕಚ್ಚಿಕೊಂಡು ರಕ್ತ ಕುಡಿದು ಉಬ್ಬುತ್ತದೆ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಯಿಂದ, ಚಿಗಟದಿಂದಲ್ಲ.

ಚಿಗಟ ಕಣ್ಣಿಗೆ ಬೀಳದಿದ್ದರೆ ಹೀಗೆ ಮಾಡಿ. ನಾಯಿಯ ಸೊಂಟದ ಮೇಲಿನ ಕೂದಲನ್ನು ಸಣ್ಣ ಹಲ್ಲಿನ ಹೇನು ಬಾಚಣಿಗೆಯಿಂದ ಬಾಚಿ. ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತಲೂ ಕೆಂಪು ಬಣ್ಣ ಹರಡಿದರೆ ಅದು ಮಣ್ಣಲ್ಲ, ರಕ್ತ ಕುಡಿದ ಚಿಗಟದ ಹಿಕ್ಕೆ.

ಮತ್ತೆ ಮತ್ತೆ ಬರುವುದೇಕೆ?

ಒಂದು ಹೆಣ್ಣು ಚಿಗಟ ದಿನಕ್ಕೆ 40 ಮೊಟ್ಟೆಗಳವರೆಗೂ ಇಡಬಲ್ಲದು. ಮೊಟ್ಟೆಗಳು ಪ್ರಾಣಿಯ ಮೈಗೆ ಅಂಟಿಕೊಳ್ಳುವುದಿಲ್ಲ. ನಾಯಿ ಮಲಗುವ ಗೋಣಿಚೀಲ, ಚಾಪೆ, ಮಂಚದ ಕೆಳಗೆ, ನೆಲದ ಬಿರುಕು, ಎಲ್ಲೆಂದರಲ್ಲಿ ಉದುರುತ್ತವೆ. ಮೊಟ್ಟೆ ಒಡೆದು ಬಂದ ಹುಳು ಬೆಳಕಿಗೆ ಹೆದರಿ ಸಂದಿಗೆ ಸೇರುತ್ತದೆ, ಉದುರಿದ ಹಿಕ್ಕೆಯನ್ನೇ ತಿಂದು ಬೆಳೆಯುತ್ತದೆ. ಆಮೇಲೆ ರೇಷ್ಮೆಹುಳುವಿನಂತೆ ತನ್ನ ಸುತ್ತ ಗೂಡು ಕಟ್ಟಿಕೊಳ್ಳುತ್ತದೆ. ಗೂಡಿಗೆ ಧೂಳು ಮೆತ್ತಿರುವುದರಿಂದ ನಮಗೆ ಕಾಣುವುದೇ ಇಲ್ಲ, ಔಷಧಿಯೂ ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಅದರೊಳಗೆ ಚಿಗಟ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾಯುತ್ತದೆ. ಹೆಜ್ಜೆಯ ಅದುರು, ಮೈಯ ಬಿಸಿ ತಾಗಿದರೆ ಹೊರಗೆ ಹಾರುತ್ತದೆ. ಬಹಳ ದಿನ ಬೀಗ ಹಾಕಿದ್ದ ಮನೆಗೆ ಕಾಲಿಟ್ಟ ಕೂಡಲೇ ಚಿಗಟ ಮುತ್ತುವುದು ಇದಕ್ಕೇ.

ಅಂದರೆ ನಾಯಿಯ ಮೈಮೇಲೆ ಕಾಣುವುದು ಸ್ವಲ್ಪ ಮಾತ್ರ. ಹೆಚ್ಚಿನ ಪಾಲು ಮನೆಯೊಳಗೇ ಇರುತ್ತದೆ. ಹೀಗಾಗಿ ಎರಡೂ ಕಡೆ ಒಟ್ಟಿಗೆ ಕೆಲಸ ಮಾಡಬೇಕು, ಅದೂ ಎರಡು ಮೂರು ತಿಂಗಳು ಬಿಡದೆ.

ಮನೆಯಲ್ಲಿ ಏನು ಮಾಡಬೇಕು?

1. ನಾಯಿ, ಬೆಕ್ಕು ಮಲಗಲು ಒಂದೇ ಜಾಗ, ಒಂದೇ ಬಟ್ಟೆ ಗೊತ್ತುಮಾಡಿ. ಆ ಬಟ್ಟೆಯನ್ನು ವಾರಕ್ಕೊಮ್ಮೆ ಕುದಿಯುವ ನೀರಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಹಳೇ ಗೋಣಿಚೀಲವನ್ನು ಸುಟ್ಟುಬಿಡಿ.
2. ಚಾಪೆ, ಕಂಬಳಿ, ಹಾಸಿಗೆಯನ್ನು ಕೊಡವಿ ಸುಡುಬಿಸಿಲಲ್ಲಿ ಒಣಗಿಸಿ. ಮರಿಹುಳು ಒಣ ಬಿಸಿಲನ್ನು ತಡೆಯದು.
3. ಮಂಚ, ಬೀರು, ಅಕ್ಕಿ ಮೂಟೆಯ ಕೆಳಗೂ ದಿನಾ ಗುಡಿಸಿ. ಗುಡಿಸಿದ ಧೂಳನ್ನು ಅಂಗಳಕ್ಕೆ ಎಸೆಯದೆ ಸೋಪು ಬೆರೆಸಿದ ಬಿಸಿನೀರಿಗೆ ಹಾಕಿ.
4. ನೆಲದ, ಗೋಡೆಯ ಬಿರುಕುಗಳನ್ನು ಮಣ್ಣು ಅಥವಾ ಸಿಮೆಂಟಿನಿಂದ ಮುಚ್ಚಿ.

ಪ್ರಾಣಿಗೆ ಏನು ಮಾಡಬೇಕು?

ಸ್ನಾನ ಮಾಡಿಸುವಾಗ ಮೊದಲು ಕುತ್ತಿಗೆಯ ಸುತ್ತ ಸೋಪಿನ ನೊರೆ ಹಚ್ಚಿ. ಇಲ್ಲದಿದ್ದರೆ ಚಿಗಟಗಳೆಲ್ಲ ತಲೆ, ಕಿವಿಯ ಕಡೆ ಓಡುತ್ತವೆ. ನೊರೆಯನ್ನು ಐದು ನಿಮಿಷ ಬಿಟ್ಟು ತೊಳೆಯಿರಿ. ಬೆಕ್ಕಿಗೆ ಬಾಚಣಿಗೆಯೇ ಒಳ್ಳೆಯದು. ಬಾಚಿದ ಚಿಗಟವನ್ನು ಸೋಪು ನೀರಲ್ಲಿ ಮುಳುಗಿಸಿ.

ಕಾಟ ಜಾಸ್ತಿ ಇದ್ದರೆ ಪಶು ಚಿಕಿತ್ಸಾಲಯಕ್ಕೆ ಹೋಗಿ. ಕುತ್ತಿಗೆಯ ಮೇಲೆ ಹಾಕುವ ಹನಿ, ತಿನ್ನಿಸುವ ಮಾತ್ರೆ ಇವೆ. ಪ್ರಾಣಿಯ ತೂಕ ನೋಡಿ ವೈದ್ಯರೇ ಹೇಳಬೇಕು. ಮನೆಯ ಎಲ್ಲ ನಾಯಿ ಬೆಕ್ಕುಗಳಿಗೂ ಒಂದೇ ಸಲ ಔಷಧಿ ಆಗಬೇಕು.

ಇವನ್ನು ಖಂಡಿತ ಮಾಡಬೇಡಿ

* ಬೆಳೆಗೆ ಹೊಡೆಯುವ ಕೀಟನಾಶಕವನ್ನು ಪ್ರಾಣಿಗೂ ಮನೆಯೊಳಗೂ ಬಳಸಬೇಡಿ.
* ಸೀಮೆಎಣ್ಣೆ, ಫಿನಾಯಿಲ್ ಮೈಗೆ ಹಚ್ಚಬೇಡಿ. ಚರ್ಮ ಸುಡುತ್ತದೆ, ನೆಕ್ಕಿದರೆ ವಿಷ.
* ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ನಾಯಿಯ ಕೆಲವು ಔಷಧಿಗಳಲ್ಲಿರುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುತ್ತದೆ.

ಮೇಕೆ ಸಾಕುವವರು ಗಮನಿಸಿ

ಸಂಘದಿಂದ ಸಾಲ ತೆಗೆದು ಮೇಕೆ ಕೊಂಡವರು ಕೊಟ್ಟಿಗೆಯನ್ನೂ ನೋಡಬೇಕು. ಹಿಕ್ಕೆ, ಕಸ ತುಂಬಿದ ನೆಲದಲ್ಲಿ ಚಿಗಟ ಸಾವಿರಗಟ್ಟಲೆ ಹುಟ್ಟುತ್ತದೆ. ಹಾಲು ಕುಡಿಯುವ ಮರಿಗಳು ರಕ್ತ ಕಳೆದುಕೊಂಡು ಸಾಯುತ್ತವೆ. ಮರಿಯ ಕೆಳರೆಪ್ಪೆಯನ್ನು ಬಿಡಿಸಿ ನೋಡಿ. ಒಳಗೆ ಕೆಂಪಗಿರದೆ ಬಿಳಿಚಿದ್ದರೆ ರಕ್ತ ಕಡಿಮೆಯಾಗಿದೆ ಎಂದು ತಿಳಿದು ಕೂಡಲೇ ವೈದ್ಯರಿಗೆ ತೋರಿಸಿ. ಹಿಕ್ಕೆಯನ್ನು ದಿನಾ ತೆಗೆದು ದೂರದ ಗುಂಡಿಗೆ ಹಾಕಿ, ನೆಲ ಒಣಗಿರಲಿ. ಒಂದು ಮರಿ ಉಳಿದರೆ ಸಾಲದ ಕಂತೂ ಉಳಿದಂತೆ.

ನಮ್ಮ ಆರೋಗ್ಯ

ಚಿಗಟ ಕಚ್ಚಿದ ಜಾಗವನ್ನು ಸೋಪಿನಿಂದ ತೊಳೆಯಿರಿ, ಮಕ್ಕಳ ಉಗುರು ಕತ್ತರಿಸಿ. ಕೆರೆದ ಗಾಯ ಕೀವಾದರೆ, ಜ್ವರ ಬಂದರೆ ಆರೋಗ್ಯ ಕೇಂದ್ರಕ್ಕೆ ಹೋಗಿ. ನಾಯಿ ಬೆಕ್ಕಿನ ಬಾಲದ ಬುಡದಲ್ಲಿ ಅಕ್ಕಿಕಾಳಿನಂಥದ್ದು ಕಂಡರೆ ಅದು ಲಾಡಿಹುಳುವಿನ ತುಂಡು. ಚಿಗಟವನ್ನು ನುಂಗಿದರೆ ಈ ಹುಳು ಹೊಟ್ಟೆ ಸೇರುತ್ತದೆ, ಪುಟ್ಟ ಮಕ್ಕಳಿಗೂ ಬರಬಹುದು.

ಇಲಿಯ ಚಿಗಟದಿಂದ ಪ್ಲೇಗ್ ಹರಡುತ್ತದೆ. 1898ರಲ್ಲಿ ಬೆಂಗಳೂರನ್ನು ನಡುಗಿಸಿದ ರೋಗ ಇದೇ. ಇಂದು ಅದು ಬಹಳ ಅಪರೂಪ, ಔಷಧಿಯೂ ಇದೆ. ಆದರೂ ಇಲಿಗಳು ಕಾರಣವಿಲ್ಲದೆ ಗುಂಪಾಗಿ ಸತ್ತು ಬಿದ್ದರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಮನೆಯಲ್ಲಿ ನಾಯಿ, ಬೆಕ್ಕು ಎಲ್ಲಿ ಮಲಗುತ್ತವೆ? ಆ ಜಾಗವನ್ನು ಕೊನೆಯ ಸಲ ಯಾವಾಗ ಶುಚಿ ಮಾಡಿದೆವು?
2. ಹೊಲದ ಔಷಧಿಯನ್ನು ಮನೆಯಲ್ಲಿ ಎಲ್ಲಿಟ್ಟಿದ್ದೇವೆ? ಮಕ್ಕಳ ಕೈಗೆ ಸಿಗುತ್ತದೆಯೇ?
3. ಒಬ್ಬರ ಮನೆಯ ನಾಯಿ ಇನ್ನೊಬ್ಬರ ಅಂಗಳಕ್ಕೆ ಹೋಗಿಯೇ ಹೋಗುತ್ತದೆ. ಹಾಗಾದರೆ ಇಡೀ ಕೇರಿಯವರು ಒಂದೇ ವಾರದಲ್ಲಿ ಈ ಕೆಲಸ ಶುರು ಮಾಡಬಹುದೇ? ದಿನ ಗೊತ್ತುಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ.