ಮೌಖಿಕ ಸಂವಹನ: ಮೊದಲು ಅರ್ಥ, ಅನಂತರ ರೂಪ

ಮೌಖಿಕ ಸಂವಹನಕ್ಕೆ ವಕ್ತೃ, ಶ್ರೋತೃ, ಸಂದೇಶ, ಸಂದರ್ಭ, ಪ್ರತಿಕ್ರಿಯೆ ಎಂಬ ಐದು ಅಂಗಗಳಿವೆ. ತರಗತಿಯಲ್ಲಿ ನಿರ್ಣಾಯಕವಾದುದು ಕೊನೆಯದು. ಮಗು ಮತ್ತೊಮ್ಮೆ ಬಾಯಿ ತೆರೆಯುವುದೋ ಇಲ್ಲವೋ ಎಂಬುದು ಶಿಕ್ಷಕರ ಪ್ರತಿಕ್ರಿಯೆಯನ್ನು ಅವಲಂಬಿಸಿದೆ.

1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಯನ್ನು ಉದಾಹರಣೆಯಾಗಿ ನೋಡೋಣ. ಅಲ್ಲಿನ ಮಕ್ಕಳ ಮನೆಮಾತು ತುಳು, ಹವ್ಯಕ ಕನ್ನಡ, ಮಲಯಾಳ, ಕೊಂಕಣಿ, ಬ್ಯಾರಿ ಹೀಗೆ ಹಲವು. "ಅಕ್ಕ ಪೇಟೆಗೆ ಹೋದಳು" ಎನ್ನಬೇಕಾದಲ್ಲಿ ಒಂದು ಮಗು "ಹೋಯಿತು" ಎನ್ನಬಹುದು, ಮತ್ತೊಂದು "ಹೋದ" ಎನ್ನಬಹುದು. ಹವ್ಯಕದಲ್ಲಿ ಸ್ತ್ರೀಯರ ಕುರಿತು ನಪುಂಸಕಲಿಂಗದ ಕ್ರಿಯಾರೂಪವನ್ನು ಬಳಸುವುದು ರೂಢಿ. ಅದರಲ್ಲಿ ಅಗೌರವವೇನೂ ಇಲ್ಲ. ಮಲಯಾಳದ ಕ್ರಿಯಾಪದವಾದರೋ ಕರ್ತೃವಿನ ಲಿಂಗ, ವಚನಗಳಿಗೆ ತಕ್ಕಂತೆ ಬದಲಾಗುವುದಿಲ್ಲ. ತುಳು ಆಡುವ ಮಗು ಕೇಳುಗನನ್ನು ಸೇರಿಸಿಕೊಂಡಾಗ 'ನಮ' ಎಂದೂ ಬಿಟ್ಟು ಹೇಳುವಾಗ 'ಎಂಕುಲು' ಎಂದೂ ಹೇಳುತ್ತದೆ. ಕನ್ನಡದಲ್ಲಿ ಎರಡಕ್ಕೂ 'ನಾವು' ಒಂದೇ. ಮರಾಠಿ, ತೆಲುಗು, ತಮಿಳುಗಳಲ್ಲಿಯೂ ಈ ಭೇದವಿರುವುದರಿಂದ ಇತರ ಗಡಿಪ್ರದೇಶಗಳ ಶಿಕ್ಷಕರೂ ಇದನ್ನು ಗಮನಿಸಬಹುದು.

ಇಂತಹ ಪ್ರಯೋಗಗಳು ಮನೆಮಾತಿನ ವ್ಯಾಕರಣದಿಂದ ಬಂದವು. ಮಾತಿನ ನಡುವೆ ತಡೆದು ತಿದ್ದಿದರೆ ಮಗು ಹೇಳಬೇಕೆಂದಿದ್ದ ವಿಷಯವನ್ನೇ ಕೈಬಿಡುತ್ತದೆ. ಊರಿನ ಕಚೇರಿ, ಪೇಟೆ, ಬಸ್ಸುಗಳಲ್ಲಿ ಬೇರೆ ಭಾಷೆಯೇ ಮುಂದಿರುವಾಗ, ಶಿಷ್ಟ ಕನ್ನಡವನ್ನು ಆಡಿ ಕಲಿಯಲು ಅದಕ್ಕಿರುವ ಸ್ಥಳ ಬಹುಮಟ್ಟಿಗೆ ತರಗತಿಯೊಂದೇ. ಅಲ್ಲಿಯೂ ಮೌನಿಯಾದರೆ ಮತ್ತೆಲ್ಲಿ ಆಡೀತು?

ತರಗತಿಯ ಚಟುವಟಿಕೆ

1. ಪ್ರತಿದಿನ ಇಬ್ಬರು ಮಕ್ಕಳು ಹಿಂದಿನ ದಿನ ಕಂಡದ್ದನ್ನು ಎರಡೆರಡು ನಿಮಿಷ ಹೇಳಲಿ. ಪದ ತೋಚದಿದ್ದಲ್ಲಿ ಮನೆಮಾತಿನ ಪದವನ್ನೇ ಬಳಸಲಿ.

2. ಮಾತು ಮುಗಿಯುವವರೆಗೆ ತಿದ್ದಬೇಡಿ. ಬಳಿಕ ಸರಿಯಾದ ರೂಪವನ್ನು ಪ್ರಶ್ನೆಯಲ್ಲಿ ಸೇರಿಸಿ ಕೇಳಿ: "ಓಹೋ, ಅಕ್ಕ ಪೇಟೆಗೆ ಹೋದಳೇ? ಅಲ್ಲಿಂದ ಏನು ತಂದಳು?" ಉತ್ತರಿಸುವಾಗ ಮಗುವಿಗೆ 'ತಂದಳು' ಎನ್ನುವ ಅವಕಾಶ ತಾನಾಗಿ ಒದಗುತ್ತದೆ.

3. ಕೇಳಿದ ಮಕ್ಕಳಲ್ಲೊಬ್ಬರು ತಮಗೆ ತಿಳಿದುದನ್ನು ಸ್ವಂತ ಮಾತಿನಲ್ಲಿ ಹೇಳಲಿ. ಆಲಿಸುವಿಕೆಯ ಪರೀಕ್ಷೆ ಇದರಿಂದಲೇ ಆಗುತ್ತದೆ.

4. ಪದೇ ಪದೇ ಕೇಳಿಬಂದ ಒಂದು ರೂಪವನ್ನು ವಾರಕ್ಕೊಮ್ಮೆ ಆಯ್ದು, ಯಾರ ಹೆಸರನ್ನೂ ಎತ್ತದೆ, ಮನೆಮಾತಿನ ರೂಪವನ್ನೂ ಕನ್ನಡದ ರೂಪವನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು ಹೋಲಿಸಿ.

ಮೌಲ್ಯಮಾಪನದಲ್ಲಿಯೂ ಇದೇ ಕ್ರಮವಿರಲಿ. ಸಂದೇಶ ತಲುಪಿತೇ ಎಂಬುದನ್ನು ಮೊದಲು ನೋಡಿ. ರೂಪ ಶುದ್ಧವೇ ಎಂಬುದನ್ನು ಅನಂತರ ಪರಿಶೀಲಿಸಿ. ನಿರ್ಭಯವಾಗಿ ಆಡಿದ ಮಾತನ್ನು ಕ್ರಮೇಣ ತಿದ್ದಬಹುದು. ಆಡದೆ ಉಳಿದ ಮಾತನ್ನು ತಿದ್ದುವ ಉಪಾಯವಿಲ್ಲ.