ಹಳ್ಳದ ಮೀನಿಗೆ ಗರಿಯ ಹುಳ: ಒಂಬತ್ತು ಸೂತ್ರಗಳು

ಅಮೆರಿಕದ ಪೂರ್ವ ಭಾಗದಲ್ಲಿ ಬುಗ್ಗೆಯಿಂದ ಹುಟ್ಟುವ ತಣ್ಣನೆಯ ತೊರೆಗಳಲ್ಲಿ ಬ್ರೂಕ್ ಟ್ರೌಟ್ ಎಂಬ ಮೀನಿದೆ. ಅದರ ಶಾಸ್ತ್ರೀಯ ಹೆಸರಿನಲ್ಲಿ ಬರುವ ‘ಫಾಂಟಿನಾಲಿಸ್’ ಎಂಬ ಮಾತಿಗೆ ಬುಗ್ಗೆಯದು ಎಂದೇ ಅರ್ಥ. ಗಾಣಕ್ಕೆ (ಗಾಳಕ್ಕೆ) ಗರಿ ಸುತ್ತಿ ಸುಳ್ಳು ಹುಳ ಮಾಡಿ, ನೀರ ಮೇಲೆ ತೇಲಿಬಿಟ್ಟು ಈ ಮೀನನ್ನು ಹಿಡಿಯುತ್ತಾರೆ. ಫ್ಲೈ ಫಿಶಿಂಗ್ ಎನ್ನುವುದು ಇದಕ್ಕೇ. ನೀರಿನ ಬಿಸಿ 20 ಡಿಗ್ರಿ ದಾಟಿದರೆ ಆ ಮೀನಿಗೆ ಸಂಕಟ, ಹಾಗಾಗಿ ನಮ್ಮ ಬೆಳಗಾವಿ ಜಿಲ್ಲೆಯ ಬೇಸಿಗೆಯಲ್ಲಿ ಅದು ಬದುಕಲಾರದು. ಆದರೆ ಆ ವಿದ್ಯೆ ಇಲ್ಲಿ ಚೆನ್ನಾಗಿ ನಡೆಯುತ್ತದೆ. ಗೋಕಾವಿ (ಗೋಕಾಕ), ಮೂಡಲಗಿ, ಹುಕ್ಕೇರಿ ಸೀಮೆಗೆ ಘಟಪ್ರಭಾ, ಹಿರಣ್ಯಕೇಶಿ, ಮಾರ್ಕಂಡೇಯ ಎಂಬ ಮೂರು ಹೊಳೆಗಳಿವೆ, ಅವುಗಳಿಗೆ ಬಂದು ಸೇರುವ ಹೆಸರಿಲ್ಲದ ಹಳ್ಳಗಳು ಎಷ್ಟೋ ಇವೆ. ನಾನು ಕಲಿತದ್ದೆಲ್ಲ ಆ ಹಳ್ಳಗಳಲ್ಲೇ.

1. ಯಾವ ಮೀನಿಗೆ ಹೊರಟಿದ್ದೀರಿ ಎಂಬುದು ಮೊದಲು ಗೊತ್ತಿರಲಿ

ನಮ್ಮ ಮೀನು ಸಾಮಾನ್ಯವಾಗಿ ಗೇಣುದ್ದವೂ ಇರುವುದಿಲ್ಲ. ಬೆಳ್ಳಿ ಮೈ, ಪಕ್ಕೆಯ ಮೇಲೆ ನೀಲಿಗಪ್ಪು ಅಡ್ಡಪಟ್ಟೆ, ಹುರುಪೆ ಹುರುಪೆಗೂ ಸಾಸಿವೆಗಿಂತ ಸಣ್ಣ ಚುಕ್ಕೆ. ಶಾಸ್ತ್ರದಲ್ಲಿ ಇದು ಬಾರಿಲಿಯಸ್ ಬೆಂಡೆಲಿಸಿಸ್. ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಜಗತ್ತಿಗೆ ಇದನ್ನು ಮೊದಲು ವರ್ಣಿಸಿದ್ದು ಹಿರಿಯೂರಿನ ಹತ್ತಿರದ ವೇದಾವತಿಯ ಮೀನನ್ನು ನೋಡಿ. ವೇದಾವತಿಯ ನೀರು ಕೃಷ್ಣೆಗೆ ಸೇರುತ್ತದೆ, ಘಟಪ್ರಭೆಯದೂ ಅಲ್ಲಿಗೇ. ಹಾರುವ ಹುಳಕ್ಕೆ ನೀರ ಮೇಲ್ಮೈಗೆ ಎಗರುವ ಚಟ ಇದಕ್ಕಿದೆ, ಇಂಗ್ಲಿಷಿನಲ್ಲಿ ಇದಕ್ಕೆ ಬೆಟ್ಟದ ಟ್ರೌಟ್ ಎಂಬ ಹೆಸರೂ ಉಂಟು. ತೂಕಕ್ಕಾಗಿ ಹೋಗುವವರು ಹಿಡಕಲ್ ಹಿನ್ನೀರಿಗೆ ರೋಹು, ಕಾಟ್ಲಾ ಹುಡುಕಿಕೊಂಡು ಹೋಗಲಿ. ಇಲ್ಲಿ ಸಿಗುವುದು ಅಂಗೈ ತುಂಬದ ಮೀನು, ಅದೂ ಮೈಯೆಲ್ಲ ಕಣ್ಣಾಗಿರುವ ಮೀನು.

2. ಕೆಂಪು ನೀರು ಇಳಿಯುವ ತನಕ ಮನೆಯಲ್ಲಿರಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಕೆಂಪಗೆ ತುಂಬಿ ಹರಿಯುತ್ತದೆ. ಆ ನೀರಲ್ಲಿ ಮೀನಿಗೆ ಗರಿಯ ಹುಳ ಕಾಣುವುದೇ ಇಲ್ಲ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ: ಮಳೆಗಾಲದಲ್ಲಿ ಹೆಚ್ಚಿನ ಮೀನುಗಳು ಮೊಟ್ಟೆಯಿಡಲು ಹಳ್ಳ ಹತ್ತುತ್ತವೆ. ಶ್ರಾವಣದಲ್ಲಿ ಮೀನು, ಮಾಂಸ ಬಿಡುವ ನಮ್ಮ ಮನೆಗಳ ರೂಢಿ ಈ ಹೊತ್ತಿಗೆ ಎಷ್ಟು ಸರಿಯಾಗಿ ಕೂಡಿಬರುತ್ತದೆ ನೋಡಿ. ದೀಪಾವಳಿಯಿಂದ ಶಿವರಾತ್ರಿವರೆಗೆ ನೀರು ತಿಳಿಯಾಗಿರುತ್ತದೆ. ಅದೇ ನಮ್ಮ ಸುಗ್ಗಿ. ಏಪ್ರಿಲ್, ಮೇ ಬಂತೆಂದರೆ ಹಳ್ಳ ಬತ್ತಿ ಇದ್ದಬದ್ದ ಮೀನೆಲ್ಲ ಒಂದೇ ಮಡುವಿನಲ್ಲಿ ಕೂಡುತ್ತವೆ. ಆಗ ಹಿಡಿಯುವುದು ಸುಲಭ, ಸುಲಭವೆಂದೇ ಆಗ ಹಿಡಿಯಬಾರದು. ಮುಂದಿನ ಮಳೆಗೆ ಹಳ್ಳ ತುಂಬಬೇಕಾದ ಬೀಜ ಆ ಮಡುವಿನಲ್ಲಿದೆ.

3. ನೀರು ಓದಲು ಕಲಿಯಿರಿ

ಹೊಸಬರು ಸೋಲುವುದು ಇಲ್ಲೇ. ಗೋಕಾವಿಯ ಗುಡ್ಡಗಳು ಕೆಂಪು ಮರಳುಗಲ್ಲಿನವು. ಅಲ್ಲಿನ ಜಲಪಾತದಲ್ಲಿ ಘಟಪ್ರಭೆ 52 ಮೀಟರ್ ಧುಮುಕುವುದು ಇದೇ ಕಲ್ಲಿನ ಅಂಚಿನಿಂದ. ಮಳೆನೀರು ಈ ಕಲ್ಲಿನ ಬಿರುಕುಗಳಲ್ಲಿ ಇಳಿದು, ತಿಂಗಳುಗಟ್ಟಲೆ ಒಳಗೇ ಇದ್ದು, ಬುಡದಲ್ಲಿ ಒರತೆಯಾಗಿ ಹೊರಬೀಳುತ್ತದೆ. ಅಂಥ ಒರತೆ ಕೂಡುವ ಹಳ್ಳದಲ್ಲಿ ಚಳಿಗಾಲ ಮುಗಿದರೂ ನೀರಾಡುತ್ತಿರುತ್ತದೆ. ಒರತೆ ಪತ್ತೆ ಮಾಡುವ ಬಗೆ ಹೀಗೆ: ಡಿಸೆಂಬರ್ ಬೆಳಗಿನಲ್ಲಿ ದಂಡೆಗುಂಟ ಕೈಯದ್ದಿಕೊಂಡು ಹೋಗಿ. ಎಲ್ಲೆಡೆ ಕೊರೆಯುವ ನೀರು ಒಂದು ಕಡೆ ಮಾತ್ರ ಬೆಚ್ಚಗೆ ತಾಕುತ್ತದೆ. ಬೇಸಿಗೆಯಲ್ಲಿ ಅದೇ ಜಾಗ ತಂಪು. ಕಲ್ಲಿನ ಮೇಲೆ ಪಾಚಿ, ಸಂದಿಯಲ್ಲಿ ಜರೀಗಿಡ ಹಸಿರಾಗಿದ್ದರೆ ಇನ್ನು ಅನುಮಾನವಿಲ್ಲ.

ಆಮೇಲೆ ಮೀನು ಎಲ್ಲಿ ನಿಂತಿದೆ ನೋಡಬೇಕು. ಓಡುವ ನೀರಿಗೂ ನಿಂತ ನೀರಿಗೂ ನಡುವೆ ಎರಡು ಹೊಲದ ನಡುವಿನ ಬದುವಿನಂತೆ ಒಂದು ಗೆರೆ ಕಾಣುತ್ತದೆ. ನೊರೆ ಅದೇ ಗೆರೆ ಹಿಡಿದು ತೇಲಿಹೋಗುತ್ತದೆ. ಹುಳಗಳನ್ನು ಹೊತ್ತು ತರುವುದು ಓಡುವ ನೀರು, ದಣಿಯದೆ ನಿಲ್ಲಲು ಬೇಕಾದದ್ದು ನಿಂತ ನೀರು. ಆದ್ದರಿಂದ ಮೀನು ಆ ಬದುವಿಗೇ ಕಾಯುತ್ತದೆ. ಬಂಡೆಯ ಹಿಂದಿನ ಮರೆ ಎರಡನೆಯ ಜಾಗ. ಮಡುವಿನ ನಟ್ಟನಡುವೆ ಗಾಣ ಬಿಟ್ಟು ಹೊತ್ತು ಕಳೆಯಬೇಡಿ.

4. ನೀವು ಮೀನನ್ನು ನೋಡಬೇಕು, ಮೀನು ನಿಮ್ಮನ್ನಲ್ಲ

ಹರಿವಿನಲ್ಲಿ ನಿಂತ ಮೀನು ಮೇಲ್ಗಡೆಗೆ ಮುಖ ಮಾಡಿರುತ್ತದೆ, ಆದ್ದರಿಂದ ನೀವು ಕೆಳಗಿನಿಂದ ಮೇಲಕ್ಕೆ ಬನ್ನಿ. ಬಿಳಿ ಅಂಗಿ ಬೇಡ, ಮಣ್ಣುಬಣ್ಣದ ಹಳೆಯ ಅಂಗಿ ಸಾಕು. ನೆರಳು ನೀರಿಗೆ ಬೀಳದಿರಲಿ. ದಂಡೆಯ ಮೇಲೆ ಧಪಧಪ ಹೆಜ್ಜೆ ಇಟ್ಟರೆ ಮಡು ಅರ್ಧ ತಾಸು ಸತ್ತಂತೆ. ಮಾತಿಗಿಂತ ಹೆಜ್ಜೆಯ ನಡುಕವೇ ಮೀನಿಗೆ ಬೇಗ ಮುಟ್ಟುತ್ತದೆ. ಮೊಣಕಾಲೂರಿ ಕೂತು ಹಿಡಿದ ಮೀನುಗಳೇ ನನಗೆ ಹೆಚ್ಚು.

5. ಬಿದಿರಿನ ಗಳ, ಜವಾರಿ ಹುಂಜದ ಗರಿ

ಸಾವಿರಾರು ರೂಪಾಯಿಯ ಕೋಲು, ಉರುಳೆ ಯಾವುದೂ ಬೇಡ. ಜಪಾನಿನ ಬೆಟ್ಟದ ತೊರೆಗಳಲ್ಲಿ ತೆಂಕಾರ ಎಂಬ ಪದ್ಧತಿಯಿದೆ: ಉದ್ದನೆಯ ಕೋಲು, ತುದಿಗೆ ಕಟ್ಟಿದ ದಾರ, ದಾರದ ತುದಿಗೆ ಗರಿಯ ಹುಳ, ಅಷ್ಟೇ. ನಮ್ಮ ಹುಡುಗರು ಎರೆಹುಳ ಚುಚ್ಚಿ ಹಿಡಿಯುವ ಬಿದಿರಿನ ಗಳಕ್ಕೂ ಅದಕ್ಕೂ ಅಂತರ ಕೂದಲೆಳೆಯಷ್ಟು. ಹತ್ತು ಹನ್ನೆರಡು ಅಡಿಯ ಹಗುರ ಗಳ, ಅಷ್ಟೇ ಉದ್ದದ ದಾರ, ಕೊನೆಯ ಮೂರಡಿ ತೀರ ತೆಳುವಾದ ನೈಲಾನ್ ಎಳೆ.

ಹುಳ ಕಟ್ಟುವ ಕೆಲಸವನ್ನು ನಿಧಾನಕ್ಕೆ ಮಾಡಿ. 14 ಅಥವಾ 16ನೆಯ ನಂಬರಿನ ಗಾಣ ತೊಗೊಳ್ಳಿ, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿ. ಹೊಲಿಗೆಯ ಕಪ್ಪು ನೂಲನ್ನು ಜೇನುಮೇಣಕ್ಕೆ ಉಜ್ಜಿ ಗಾಣದ ಬೆನ್ನಿಗೆ ಒತ್ತೊತ್ತಾಗಿ ಸುತ್ತಿ. ಹುಂಜದ ಕುತ್ತಿಗೆಯಿಂದ ಉದುರಿದ ಕೆಂಪುಗಂದು ಗರಿಯೊಂದನ್ನು ಬುಡದಲ್ಲಿ ಕಟ್ಟಿ, ಗಾಣದ ಕಣ್ಣಿನ ಹತ್ತಿರ ಎರಡೇ ಎರಡು ಸುತ್ತು ಹಾಕಿ. ಎಳೆಗಳು ಸುತ್ತಲೂ ನಿಮಿರಿ ನಿಲ್ಲುತ್ತವೆ, ನೀರಿನ ಮೇಲೆ ಅವೇ ಹುಳದ ಕಾಲು. ಮೂರನೆಯ ಸುತ್ತು ಹಾಕಿದರೆ ಹುಳ ಪೊರಕೆಯಾಗುತ್ತದೆ. ಕಟ್ಟಿ ಮುಗಿದದ್ದನ್ನು ಒಂದು ಲೋಟ ನೀರಿನಲ್ಲಿ ಬಿಡಿ. ನೆಟ್ಟಗೆ ಕೂತು ತೇಲಿತೋ, ಹಳ್ಳಕ್ಕೆ ಹೋಗಲು ತಯಾರು.

6. ಹುಳವನ್ನು ನೀರೇ ಒಯ್ಯಲಿ

ದಾರ ನೀರಿಗೆ ತಾಕಿದರೆ ಹುಳ ಎಳೆದಾಡುತ್ತದೆ. ನಿಜವಾದ ಹುಳ ಹಾಗೆ ಹೋಗುವುದಿಲ್ಲ, ಮೀನಿಗೆ ಅದು ಗೊತ್ತು. ಗಳದ ತುದಿ ಎತ್ತರದಲ್ಲಿರಲಿ, ನೀರಿಗೆ ಹುಳ ಮಾತ್ರ ಮುಟ್ಟಲಿ. ಹುಳ ಬಿದ್ದ ಮೊದಲ ಮೂರು ಕ್ಷಣಗಳಲ್ಲೇ ಹೆಚ್ಚಿನ ಮೀನು ಎಗರುತ್ತವೆ. ಗೊಡಚಿನಮಲ್ಕಿಯ ಕಡೆಗಿನ ಒಂದು ಹಳ್ಳದಲ್ಲಿ ಒಂದೇ ಬದುವಿನ ಮೇಲೆ ಹತ್ತಾರು ಸಲ ಹುಳ ಇಳಿಸಿದ್ದೆ. ದಾರ ನೀರಿಗೆ ತಾಗದಂತೆ ಗಳವನ್ನು ಒಂದಡಿ ಎತ್ತಿದ್ದೇ ತಡ, ನೀರಿನಡಿಯಲ್ಲಿ ಕನ್ನಡಿ ತಿರುಗಿಸಿದ ಹಾಗೆ ಬೆಳ್ಳಿ ಮಿಂಚಿತು, ‘ಟುಪ್’ ಎಂದು ಹನಿ ಬಿದ್ದಷ್ಟು ಸಪ್ಪಳವಾಯಿತು. ಆಗ ಗಳವನ್ನು ಜಗ್ಗಬಾರದು, ಮುಂಗೈ ಎತ್ತಿದರೆ ಸಾಕು. ನಾನು ಜಗ್ಗಿದೆ. ಬರಿಗಾಣ ಹಿಂದಿನ ಜಾಲಿಗಿಡಕ್ಕೆ ಸಿಕ್ಕಿತು.

7. ಹಿಡಕಲ್‌ನ ನೀರಿನ ಸುದ್ದಿ ಕೇಳಿಕೊಂಡು ಹೋಗಿ

ಇದು ಜೀವದ ಮಾತು. ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯದಿಂದ ನೀರು ಬಿಟ್ಟರೆ ಘಟಪ್ರಭೆಯ ನಡುಬಂಡೆಯ ಮೇಲೆ ಕೂತವರಿಗೆ ತಿರುಗಿ ಬರಲು ದಾರಿ ಇರುವುದಿಲ್ಲ. ಜಲಪಾತದ ಮೇಲಿನ ಬಂಡೆಗಳ ಪಾಚಿಯನ್ನೂ ನಂಬಬೇಡಿ. ಮೂಡಲಗಿ ಕಡೆಯವರು ಕಾಲುವೆಗೆ ಗಾಣ ಹಾಕುವುದುಂಟು. ಕಾಂಕ್ರೀಟಿನ ಆ ಇಳಿಜಾರಿನಲ್ಲಿ ಜಾರಿದರೆ ಈಜು ಬಲ್ಲವರಿಗೂ ಹಿಡಿಯಲು ಏನೂ ಸಿಗದು. ಒಬ್ಬರೇ ಹೋಗಬೇಡಿ.

8. ಎಲ್ಲಿ ಗಾಣ ಹಾಕಬಾರದು

ಧೂಪದಾಳದ ಹಿನ್ನೀರು ಘಟಪ್ರಭಾ ಪಕ್ಷಿಧಾಮ. ಹರಿದುಬಿಟ್ಟ ನೈಲಾನ್ ಎಳೆ ಕೊಕ್ಕರೆಯ ಕಾಲಿಗೆ ಉರುಲಾಗುತ್ತದೆ, ಅಲ್ಲಿ ದುರ್ಬೀನಷ್ಟೇ ಸಾಕು. ಹುಕ್ಕೇರಿಗೆ ಹರಿದುಬರುವ ಹಿರಣ್ಯಕೇಶಿ ಹುಟ್ಟುವುದು ಮಹಾರಾಷ್ಟ್ರದ ಅಂಬೋಲಿಯಲ್ಲಿ. ಅಲ್ಲಿ, ಗುಡಿಯ ಹತ್ತಿರದ ಮೂಲದ ನೀರಿನಲ್ಲೇ ವಿಜ್ಞಾನಿಗಳು ಹೊಸ ಮೀನೊಂದನ್ನು ಕಂಡು 2020ರಲ್ಲಿ ಶಿಸ್ಟುರಾ ಹಿರಣ್ಯಕೇಶಿ ಎಂದು ಹೆಸರಿಟ್ಟರು. ಮರುವರ್ಷ ಮಹಾರಾಷ್ಟ್ರ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪರಂಪರೆಯ ತಾಣವೆಂದು ಘೋಷಿಸಿತು. ಹೊಳೆಯ ಹೆಸರು ಹೊತ್ತ ಬೆರಳುದ್ದದ ಮೀನು! ಬುಗ್ಗೆಯ ಬಾಯಿಗೆ ಯಾವತ್ತೂ ಗಾಣ ಬೇಡ, ಹರಿವು ಬಲಿತ ಮೇಲೆ ಕೆಳಗೆ ನೋಡಿ.

ಇನ್ನು ಮೀನು ಕೊಲ್ಲಲು ಹಾಕುವ ತೋಟಾ (ಸಿಡಿಮದ್ದು) ಮತ್ತು ಬ್ಲೀಚಿಂಗ್ ಪುಡಿ. ತೋಟಾ ಸಿಡಿದ ಮಡುವನ್ನು ನಾನು ನೋಡಿದ್ದೇನೆ. ದೊಡ್ಡ ಮೀನನ್ನು ಆರಿಸಿಕೊಂಡು ಹೋಗಿದ್ದರು. ಉಳಿದದ್ದು ಜೋಳದ ಕಾಳಿನಷ್ಟು ಮರಿಗಳು, ದಂಡೆಯ ಹುಲ್ಲಿನ ಬುಡಕ್ಕೆಲ್ಲ ಬೆಳ್ಳಗೆ ಅಂಟಿದ್ದವು. ಎರಡು ವರ್ಷ ಆ ಮಡುವಿನಲ್ಲಿ ಒಂದೂ ಮೀನು ಎಗರಲಿಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್, 1873ರಲ್ಲಿ ಮಂಗಳೂರಿನಿಂದ ಹೊರಬಂದ ‘ದಿ ರಾಡ್ ಇನ್ ಇಂಡಿಯಾ’ ಬರೆದವನು, ಆ ಕಾಲಕ್ಕೇ ಮರಿಮೀನಿನ ನಾಶದ ವಿರುದ್ಧ ಸರ್ಕಾರವನ್ನು ಎಚ್ಚರಿಸಿದ್ದ. 1897ರ ಮೀನುಗಾರಿಕೆ ಕಾಯ್ದೆ ತೋಟಾ ಮತ್ತು ವಿಷ ಎರಡನ್ನೂ ಅಪರಾಧ ಮಾಡಿತು. ಯಾರಾದರೂ ಹಾಕುವುದು ಕಂಡರೆ ಪಂಚಾಯಿತಿಗೆ, ಪೊಲೀಸರಿಗೆ ಹೇಳಿ. ಪರಿಚಯದವರಾದರೆ ಎದುರಿಗೇ ಹೇಳಿ.

9. ಬಿಡುವ ಮೊದಲು ಕೈ ಹಸಿ ಮಾಡಿಕೊಳ್ಳಿ

ಒಣಗೈ ತಾಗಿದರೆ ಮೀನಿನ ಮೈಯ ಲೋಳೆ ಕಿತ್ತು ಬರುತ್ತದೆ, ಅಲ್ಲಿಂದ ರೋಗ ಹತ್ತುತ್ತದೆ. ಅಂಗೈಯನ್ನು ನೀರೊಳಗೇ ಇಟ್ಟು ಮೀನನ್ನು ಅದರ ಮೇಲೆ ಒರಗಿಸಿ. ಮುಳ್ಳು ಒತ್ತಿದ ಗಾಣ ತಿರುವಿದರೆ ತಾನೇ ಕಳಚಿಕೊಳ್ಳುತ್ತದೆ. ಆಮೇಲೆ ಮೂತಿಯನ್ನು ಹರಿವಿನ ಎದುರಿಗೆ ಹಿಡಿಯಿರಿ. ಕಿವಿರು ಒಮ್ಮೆ ತೆರೆಯುತ್ತದೆ, ಮುಚ್ಚುತ್ತದೆ, ಮತ್ತೆ ತೆರೆಯುತ್ತದೆ. ಪಕ್ಕೆಯ ನೀಲಿ ಪಟ್ಟೆಗಳು ಕಣ್ಣೆದುರಿಗೇ ಮತ್ತೆ ಕಪ್ಪೇರುತ್ತವೆ. ಬೆರಳ ಸಂದಿನಲ್ಲಿ ಬಾಲ ಒಂದು ಸಲ ಬಡಿದದ್ದು ತಿಳಿಯುತ್ತದೆ, ಅಷ್ಟರಲ್ಲಿ ಕೈಯಲ್ಲಿ ಬರೀ ನೀರು.