ಮುದ್ರೆಯ ಪರೀಕ್ಷೆ

ಪ್ರಾಚೀನ ತಾಮ್ರಶಾಸನಗಳ ಹಲಗೆಗಳನ್ನು ಬಳೆಯೊಂದರಲ್ಲಿ ಪೋಣಿಸಿ ಅದಕ್ಕೆ ರಾಜಮುದ್ರೆಯನ್ನು ಒತ್ತುವುದು ರೂಢಿಯಾಗಿತ್ತು. ಚಾಲುಕ್ಯರ ಮುದ್ರೆಯಲ್ಲಿ ವರಾಹಲಾಂಛನವಿರುತ್ತಿತ್ತು. ಆದರೂ ಕೂಟಶಾಸನಗಳು ಹುಟ್ಟಿಕೊಂಡವು. ಆದುದರಿಂದ ಶಾಸನಜ್ಞರು ಮುದ್ರೆಯನ್ನು ಕಂಡಷ್ಟಕ್ಕೇ ತೃಪ್ತರಾಗದೆ ಕಾಲ, ಹೆಸರು, ವಂಶಾವಳಿಗಳನ್ನು ಒರೆಹಚ್ಚಿ ನೋಡುತ್ತಾರೆ.

ಇಂದಿನ ಗಣಕಜಾಲದಲ್ಲಿಯೂ ಇದೇ ಬಗೆಯ ಪರೀಕ್ಷೆ ಅನುಕ್ಷಣವೂ ನಡೆಯುತ್ತಿದೆ. ಟಿಎಲ್‌ಎಸ್ ಎಂಬ ಕ್ರಮವು ಎರಡು ಗಣಕಯಂತ್ರಗಳ ನಡುವಣ ಮಾತನ್ನು ಗೂಢಲಿಪಿಗೆ ಮಾರ್ಪಡಿಸಿ ಕಾಯುತ್ತದೆ. ಆದರೆ ಎದುರಿಗಿರುವವರು ಯಾರೆಂಬುದೇ ನಿಶ್ಚಯವಾಗದಿದ್ದರೆ ಗುಟ್ಟು ವಂಚಕನ ಕಿವಿಗೇ ಬಿದ್ದಂತಾಗುವುದು. ಈ ನಿಶ್ಚಯಕ್ಕಾಗಿಯೇ ಡಿಜಿಟಲ್ ಪ್ರಮಾಣಪತ್ರವು ಏರ್ಪಟ್ಟಿದೆ. ಜಾಲತಾಣದ ಹೆಸರು, ಅದರ ಬಹಿರಂಗ ಕೀಲಿ, ಊರ್ಜಿತದ ಅವಧಿ, ಪ್ರಮಾಣೀಕರಿಸಿದ ಸಂಸ್ಥೆಯ ಸಹಿ ಇವು ಅದರ ಮುಖ್ಯ ಅಂಗಗಳು. ತಾಣದ ಪತ್ರಕ್ಕೆ ಮಧ್ಯದ ಪತ್ರವು ಸಾಕ್ಷಿ, ಅದಕ್ಕೆ ಮೂಲಪತ್ರವು ಸಾಕ್ಷಿ. ಮೂಲಪತ್ರವು ಬಳಸುವವರ ಯಂತ್ರದ ವಿಶ್ವಾಸಪಟ್ಟಿಯಲ್ಲಿ ಮೊದಲೇ ಇರತಕ್ಕದ್ದು.

ಸಂಪರ್ಕವು ಮುರಿದಾಗ ದೋಷವನ್ನು ಕ್ರಮವಾಗಿ ಅರಸುವುದು ಯುಕ್ತ. ಮೊದಲನೆಯದು ಕಾಲ. ಪತ್ರದ ಅವಧಿ ಮುಗಿದಿರಬಹುದು. ಯಂತ್ರದ ಗಡಿಯಾರವು ತಪ್ಪಿದ್ದರೂ ಸರಿಯಾದ ಪತ್ರವು ಅನೂರ್ಜಿತವೆಂದು ತೋರುವುದು. ಎರಡನೆಯದು ಹೆಸರು. ಕೋರಿದ ತಾಣದ ಹೆಸರು ಪತ್ರದಲ್ಲಿ ನಮೂದಾಗಿರಬೇಕು. ಮೂರನೆಯದು ಸರಣಿ. ಸರ್ವರ್ ಮಧ್ಯದ ಪತ್ರವನ್ನು ಕಳುಹಿಸದಿದ್ದರೆ ಕೆಲವು ಬ್ರೌಸರ್‌ಗಳು ಅದನ್ನು ತಾವೇ ಹುಡುಕಿ ತರುತ್ತವೆ. ಇತರ ಅನೇಕ ತಂತ್ರಾಂಶಗಳು ತಾರವು. ಬ್ರೌಸರ್‌ನಲ್ಲಿ ತೆರೆಯುವ ತಾಣವು ಬೇರೊಂದು ತಂತ್ರಾಂಶಕ್ಕೆ ತೆರೆಯದಿರುವುದಕ್ಕೆ ಇದೂ ಒಂದು ಕಾರಣ. ನಾಲ್ಕನೆಯದು ವಿಶ್ವಾಸಪಟ್ಟಿ. ಅದು ಹಳೆಯದಾಗಿದ್ದರೆ ಹೊಸ ಮೂಲಪತ್ರದ ಪರಿಚಯವೇ ಅದಕ್ಕಿರುವುದಿಲ್ಲ.

2021ರ ಸೆಪ್ಟೆಂಬರ್ 30ರ ಪ್ರಸಂಗವು ಇಲ್ಲಿ ಬೋಧಪ್ರದವಾಗಿದೆ. ಪ್ರಮಾಣಪತ್ರಗಳನ್ನು ಉಚಿತವಾಗಿ ನೀಡುವ ಅಮೆರಿಕದ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಗೆ ಆಸರೆಯಾಗಿದ್ದ ‘ಡಿಎಸ್‌ಟಿ ರೂಟ್ ಸಿಎ ಎಕ್ಸ್3’ ಎಂಬ ಹಳೆಯ ಮೂಲಪತ್ರದ ಅವಧಿ ಅಂದು ಮುಗಿಯಿತು. ಸಂಸ್ಥೆಯ ಸ್ವಂತ ಮೂಲಪತ್ರ ‘ಐಎಸ್‌ಆರ್‌ಜಿ ರೂಟ್ ಎಕ್ಸ್1’ ಊರ್ಜಿತವಾಗಿಯೇ ಇದ್ದಿತು. ಆದರೂ ಓಪನ್‌ಎಸ್‌ಎಸ್‌ಎಲ್ 1.0.2 ತಂತ್ರಾಂಶವು ಹಳೆಯ ಸರಣಿಯನ್ನೇ ಹಿಡಿದು ನಡೆದು, ಸತ್ತ ಮೂಲಪತ್ರವನ್ನು ಮುಟ್ಟಿ, ಸಂಪರ್ಕವನ್ನು ನಿರಾಕರಿಸಿತು. ತಾಣದ ಪತ್ರದಲ್ಲಿ ದೋಷವಿರಲಿಲ್ಲ. ಹೊಸ ಮೂಲಪತ್ರವಿದ್ದ ಯಂತ್ರಗಳಲ್ಲಿ ಹಳೆಯದನ್ನು ವಿಶ್ವಾಸಪಟ್ಟಿಯಿಂದ ತೆಗೆದುಹಾಕಿದೊಡನೆ ಸಂಪರ್ಕವು ಕೂಡಿಬಂದಿತು. ತಂತ್ರಾಂಶವನ್ನೇ ನವೀಕರಿಸುವುದು ಶಾಶ್ವತ ಪರಿಹಾರ.

ಇಂಥ ತೊಡಕು ಬಂದಾಗ ಪರೀಕ್ಷೆಯನ್ನೇ ನಿಲ್ಲಿಸಿಬಿಡುವ ಸುಲಭೋಪಾಯವೊಂದುಂಟು. ಸಂಪರ್ಕವು ಕೂಡಲೇ ಸಿದ್ಧಿಸುವುದು ನಿಜ. ಆದರೆ ಅಂದಿನಿಂದ ಯಾವ ಕೂಟಮುದ್ರೆಗೂ ಬಾಗಿಲು ತೆರೆದಂತೆಯೇ. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಪ್ರಮಾಣೀಕರಣ ಸಂಸ್ಥೆಯೊಳಕ್ಕೆ ಕಳ್ಳರು ನುಗ್ಗಿ ಗೂಗಲ್‌ನ ಹೆಸರಿನಲ್ಲಿ ಕೂಟಪತ್ರವನ್ನು ಪಡೆದರು. ಇರಾನಿನ ಜನರ ಜಾಲವ್ಯವಹಾರವನ್ನು ಕದ್ದು ನೋಡಲು ಅದು ಬಳಕೆಯಾಯಿತು. ಬ್ರೌಸರ್‌ಗಳು ಆ ಸಂಸ್ಥೆಯ ಮೇಲಿನ ವಿಶ್ವಾಸವನ್ನು ಹಿಂತೆಗೆದುಕೊಂಡವು. ಅದೇ ವರ್ಷ ಸಂಸ್ಥೆ ದಿವಾಳಿಯೆದ್ದಿತು. ಪರೀಕ್ಷೆಯಿದ್ದಾಗಲೇ ಇಷ್ಟು ಹಾನಿಯಾಗಬಲ್ಲುದಾದರೆ, ಪರೀಕ್ಷೆಯನ್ನೇ ಕೈಬಿಟ್ಟವರ ಗತಿಯನ್ನು ಹೇಳಬೇಕಾದುದಿಲ್ಲ.

ಗಣಕಯಂತ್ರವು ನೀಡುವ ಎಚ್ಚರಿಕೆಯು ಕೆಲಸಕ್ಕೆ ಅಡ್ಡಬಂದ ವಿಘ್ನವಲ್ಲ, ಅದು ಸಾಕ್ಷಿಯ ನುಡಿ. ಸಾಕ್ಷಿಯ ಬಾಯಿ ಮುಚ್ಚಿಸದೆ, ಆ ನುಡಿಯನ್ನು ಪೂರ್ತಿಯಾಗಿ ಓದಿ ತಪ್ಪಿರುವ ಕೊಂಡಿಯನ್ನು ತಿದ್ದುವುದೇ ವಿವೇಕಿಗಳ ಮಾರ್ಗ.